ಆ ಐಸ್‌ಕ್ರೀಮ್ ನಿಜವಾಗ್ಲೂ ಮೂಗಿನ ಹತ್ರ ಬಂದಿತ್ತಾ? ಛೋಟಾ ಚೇತನ್ ಮತ್ತೆ ನೋಡಿದವರಿಗೆ ಒಂದು ಉತ್ತರ

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ಪ್ರೈಮರಿ ಸ್ಕೂಲಲ್ಲಿದ್ದಾಗ ಅಪ್ಪ ಛೋಟಾ ಚೇತನ್ ಸಿನಿಮಾಗೆ ಕರ್ಕೊಂಡು ಹೋಗಿದ್ರು, ಕನ್ನಡಕ ಕೊಟ್ಟು ತೋರಿಸ್ತಿದ್ರಲ್ಲ, ಅದು. ಅದ್ರಲ್ಲಿ ಐಸ್‌ಕ್ರೀಮ್ ಮೂಗಿನ ತನಕ ಬಂದಿತ್ತು, ನಾನು ಕೈ ಬೇರೆ ಚಾಚಿದ್ದೆ. ಮೊನ್ನೆ ಎಂಟು ವರ್ಷದ ಮಗನ ಜೊತೆ ಮೊಬೈಲಲ್ಲಿ ಅದೇ ಸಿನಿಮಾ ನೋಡಿದೆ, ಏನೂ ಅನ್ನಿಸ್ಲಿಲ್ಲ. ಪಿಕ್ಚರ್ ಮಂಕು ಮಂಕು, ಎಲ್ರೂ ಸುಮ್‌ಸುಮ್ನೆ ಏನಾದ್ರೂ ಒಂದು ಕ್ಯಾಮೆರಾ ಕಡೆ ಚಾಚ್ತಾನೇ ಇರ್ತಾರೆ. ನಮ್ಮೆಜಮಾನ್ರು ಅದ್ರಲ್ಲಿ ಊರ್ಮಿಳಾ ಇದ್ಲು ಅಂತಾರೆ, ನಾನು ನೋಡಿದ್ರಲ್ಲಿ ಇರ್ಲೇ ಇಲ್ಲ. ಆ ಹುಡುಗ ದೆವ್ವ ಕುಡಿಯೋ ಸೀನ್ ಬಂದಾಗ ಮಗನ ಮುಂದೆ ಒಂಥರಾ ಮುಜುಗರ ಆಯ್ತು. ಗೋಡೆ ಮೇಲೆ ಹೆಂಗೆ ನಡೀತಾರಮ್ಮ ಅಂತ ಕೇಳ್ದ, ಗ್ರಾಫಿಕ್ಸ್ ಕಣೋ ಅಂದುಬಿಟ್ಟೆ. ನನ್ನ ನೆನಪೇ ಸುಳ್ಳಾ ಸರ್?

ಉತ್ತರ:

ನೆನಪು ಸುಳ್ಳಲ್ಲ ಮೇಡಂ. ನೀವು ಮೊಬೈಲಲ್ಲಿ ನೋಡಿದ್ದೇ ಅರ್ಧ ಸಿನಿಮಾ. ಇದನ್ನ ಸುಮ್ನೆ ಮಾತಿಗೆ ಹೇಳ್ತಿಲ್ಲ, ಲೆಕ್ಕ ಹಾಕಿದ್ರೂ ಅರ್ಧನೇ. ಆ ಸಿನಿಮಾದ ಒಂದೊಂದು ಫ್ರೇಮಲ್ಲೂ ಎರಡು ಚಿತ್ರ ಇದ್ವು, ಒಂದು ಎಡಗಣ್ಣಿಗೆ ಒಂದು ಬಲಗಣ್ಣಿಗೆ, ಮೊಬೈಲಿಗೆ ಬಂದಿರೋದು ಅದರಲ್ಲಿ ಒಂದು ಮಾತ್ರ, ಇನ್ನೊಂದು ಎಲ್ಲೋ ಡಬ್ಬದಲ್ಲೇ ಉಳೀತು. ಹಾಗಾಗಿ ಮಗನ ಮುಂದೆ ಮರ್ಯಾದೆ ಹೋಯ್ತು ಅಂತ ಅಂದ್ಕೋಬೇಡಿ.

ಮೊದಲು ಇದು ಯಾವ ಸಿನಿಮಾ ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಹಿಂದಿಯಲ್ಲಿ ನೋಡಿದ ಎಷ್ಟೋ ಜನಕ್ಕೆ ಇದು ಮಲಯಾಳಂದು ಅಂತಾನೇ ಗೊತ್ತಿಲ್ಲ. ಮೂಲ ಹೆಸರು ಮೈ ಡಿಯರ್ ಕುಟ್ಟಿಚಾತನ್, 1984ರ ಆಗಸ್ಟ್‌ನಲ್ಲಿ ಬಂತು, ಭಾರತದ ಮೊದಲ ತ್ರೀಡಿ ಸಿನಿಮಾ, ಮಂತ್ರವಾದಿ ಕೈಯಿಂದ ಒಬ್ಬ ಹುಡುಗ ದೆವ್ವನನ್ನ ಮಕ್ಕಳು ಬಿಡಿಸೋ ಕಥೆ. ಡೈರೆಕ್ಟರ್ ಜಿಜೋ ಪುನ್ನೂಸ್, ದುಡ್ಡು ಹಾಕಿದ್ದು ಅವರಪ್ಪ ನವೋದಯ ಅಪ್ಪಚ್ಚನ್, ಕಥೆ ಬರೆದಿದ್ದು ರಘುನಾಥ್ ಪಲೇರಿ, ಕ್ಯಾಮೆರಾ ಅಶೋಕ್ ಕುಮಾರ್, ಮ್ಯೂಸಿಕ್ ಇಳಯರಾಜ. ಈ ಅಪ್ಪ ಮಗನದ್ದು ಸ್ವಲ್ಪ ಹುಚ್ಚು ಅಂತಾನೇ ಹೇಳ್ಬೇಕು, ಒಳ್ಳೇ ಅರ್ಥದಲ್ಲಿ. 1978ರಲ್ಲಿ ಮಲಯಾಳಂನ ಮೊದಲ ಸಿನಿಮಾಸ್ಕೋಪ್, ಅಂದ್ರೆ ಅಗಲ ಪರದೆಯ ಸಿನಿಮಾ, ಇವರ ನವೋದಯ ಕಂಪನಿಯಿಂದಲೇ ಬಂತು, 1982ರಲ್ಲಿ ಪಡಯೋಟ್ಟಂ ಅಂತ 70 ಎಂಎಂ ಸಿನಿಮಾ ಮಾಡಿದ್ರು, ಅದಾಗಿ ಎರಡೇ ವರ್ಷಕ್ಕೆ ತ್ರೀಡಿ. ಬೊಂಬಾಯಿಯ ದೊಡ್ಡ ದೊಡ್ಡ ಕುಳಗಳು ನೋಡ್ತಾ ಕೂತಿದ್ದಾಗ ಕೊಚ್ಚಿ ಪಕ್ಕದ ಕಾಕ್ಕನಾಡಿನಲ್ಲಿ ಕೂತು ಇದೆಲ್ಲ ಮಾಡ್ತಿದ್ರು. ಹಿಂದಿಯವರ ಮೊದಲ ತ್ರೀಡಿ, ಜಾಕಿ ಶ್ರಾಫ್ ಅವರ ಶಿವ ಕಾ ಇನ್ಸಾಫ್, ಬಂದಿದ್ದು ಇದಾದ ಮೇಲೆ 1985ರಲ್ಲಿ.

ಲೆನ್ಸ್ ಮಾತ್ರ ನಮ್ಮದಲ್ಲ. ಅಮೆರಿಕದ ಕ್ರಿಸ್ ಕಾಂಡನ್ ಅನ್ನೋರ ಸ್ಟೀರಿಯೋವಿಷನ್ ಲೆನ್ಸ್. ಅದಕ್ಕೂ ಹಳೇ ಕಾಲದ ತ್ರೀಡಿಗೆ ಎರಡು ಕ್ಯಾಮೆರಾ, ಎರಡು ರೀಲು, ಎರಡು ಪ್ರೊಜೆಕ್ಟರ್ ಬೇಕಿತ್ತು, ಒಂದು ರೀಲು ಎಲ್ಲೋ ಒಂದು ಫ್ರೇಮ್ ಹಿಂದೆ ಬಿದ್ರೆ ಸಾಕು ನೋಡೋರಿಗೆ ತಲೆನೋವು ಶುರು. ಈ ಲೆನ್ಸ್ ಮಾಡ್ತಿದ್ದ ಕೆಲಸ ಏನಪ್ಪಾ ಅಂದ್ರೆ ಎರಡೂ ಕಣ್ಣಿನ ಚಿತ್ರಗಳನ್ನ ಒಂದೇ 35 ಎಂಎಂ ಫ್ರೇಮಿನೊಳಗೆ ಒಂದರ ಕೆಳಗೆ ಒಂದು ಕೂರಿಸೋದು. ರೀಲು ಒಂದೇ, ಪ್ರೊಜೆಕ್ಟರೂ ಒಂದೇ, ಅದರ ಮುಂದೆ ಒಂದು ಸ್ಪೆಷಲ್ ಲೆನ್ಸ್ ಹಾಕಿದ್ರೆ ಅದು ಮೇಲಿನದನ್ನೂ ಕೆಳಗಿನದನ್ನೂ ತಂದು ಪರದೆ ಮೇಲೆ ಒಂದರ ಮೇಲೊಂದು ಬೀಳಿಸತ್ತೆ. ಬೀಳಿಸುವಾಗ ಒಂದೊಂದಕ್ಕೂ ಒಂದೊಂದು ದಿಕ್ಕಿನ ಪೋಲರೈಜ್ ಬೆಳಕು, ಅಂದ್ರೆ ಒಂದೇ ದಿಕ್ಕಲ್ಲಿ ಕಂಪಿಸೋ ಹಾಗೆ ಸೋಸಿದ ಬೆಳಕು, ನಿಮ್ಮ ಕನ್ನಡಕದ ಗಾಜೂ ಅದೇ ದಿಕ್ಕಿನದು, ಎಡಗಣ್ಣಿಗೆ ಎಡದ್ದು ಮಾತ್ರ ಬಲಗಣ್ಣಿಗೆ ಬಲದ್ದು ಮಾತ್ರ ಒಳಗೆ ಬಿಡತ್ತೆ.

ಇಲ್ಲೇ ನಿಮ್ಮ ಮಂಕು ಪಿಕ್ಚರಿಗೂ ಉತ್ತರ ಇದೆ. ಒಂದು ಫ್ರೇಮನ್ನ ಇಬ್ಬರಿಗೆ ಹಂಚಿದ್ಮೇಲೆ ಒಬ್ಬೊಬ್ಬರಿಗೆ ಸಿಗೋದು ಅರ್ಧ ಜಾಗ. ಟಿವಿಗೋ ಸಿಡಿಗೋ ತರುವಾಗ ಆ ಅರ್ಧದಲ್ಲಿ ಒಂದನ್ನ ತಗೊಂಡು ಎಳೆದು ದೊಡ್ಡದು ಮಾಡ್ತಾರೆ, ಎಳೆದಷ್ಟೂ ಕಾಳು ಕಾಳಾಗಿ ಕಾಣತ್ತೆ, ಅದರ ಮೇಲೆ ಆಗಿನ ಚೌಕ ಟಿವಿಗೆ ಕೂರಬೇಕು ಅಂತ ಅಕ್ಕಪಕ್ಕ ಕತ್ತರಿಸೋದು ಮಾಮೂಲಿ ಪದ್ಧತಿ, ಆಮೇಲೆ ಯಾರೋ ಅದನ್ನ ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡ್ತಾರೆ, ನೀವು ಅದನ್ನ ಆರು ಇಂಚಿನ ಸ್ಕ್ರೀನಲ್ಲಿ ನೋಡ್ತೀರ. ಇಷ್ಟೆಲ್ಲ ಆದ್ಮೇಲೂ ಏನೋ ಒಂದು ಕಾಣಿಸ್ತಲ್ಲ ಅನ್ನೋದೇ ದೊಡ್ಡದು.

ಈಗ ಐಸ್‌ಕ್ರೀಮ್ ವಿಷಯಕ್ಕೆ ಬರೋಣ, ನನಗೂ ಇದೇ ಇಷ್ಟ. ಬಾಲ್ಯದ ನೆನಪು ದೊಡ್ಡದಾಗಿ ಕಾಣತ್ತೆ ಅಂತ ಎಲ್ರೂ ಹೇಳ್ತಾರೆ, ಈ ವಿಷಯದಲ್ಲಿ ಮಾತ್ರ ನಿಮಗೆ ನಿಮ್ಮಪ್ಪನಿಗಿಂತ ಆ ಐಸ್‌ಕ್ರೀಮ್ ನಿಜವಾಗ್ಲೂ ಹತ್ರ ಬಂದಿತ್ತು. ಹೇಗೆ ಅಂತ ಹೇಳ್ತೀನಿ ಕೇಳಿ. ವಸ್ತು ಪರದೆಯಿಂದ ಮುಂದೆ ಬರ್ಬೇಕು ಅಂದ್ರೆ ಪರದೆ ಮೇಲೆ ಬಲಗಣ್ಣಿನ ಚಿತ್ರ ಎಡಗಡೆ, ಎಡಗಣ್ಣಿನ ಚಿತ್ರ ಬಲಗಡೆ ಬೀಳ್ಬೇಕು, ಕತ್ತರಿ ಹಾಕಿದ ಹಾಗೆ. ಆಗ ಎರಡೂ ಕಣ್ಣಿನ ನೋಟ ಪರದೆ ಮುಟ್ಟೋ ಮೊದ್ಲೇ ಗಾಳಿಯಲ್ಲಿ ಒಂದು ಕಡೆ ಕೂಡತ್ತೆ, ಅಲ್ಲೇ ಐಸ್‌ಕ್ರೀಮ್ ನಿಂತ ಹಾಗೆ ಕಾಣತ್ತೆ. ಎಲ್ಲಿ ಕೂಡತ್ತೆ ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ, ಪರದೆ ಮೇಲೆ ಆ ಎರಡು ಚಿತ್ರಗಳ ನಡುವೆ ಎಷ್ಟು ಅಂತರ, ನೀವು ಎಷ್ಟು ದೂರ ಕೂತಿದ್ದೀರ, ನಿಮ್ಮ ಎರಡು ಕಣ್ಣುಗಳ ನಡುವೆ ಎಷ್ಟು ಅಂತರ. ದೊಡ್ಡವರಿಗೆ ಕಣ್ಣಿಂದ ಕಣ್ಣಿಗೆ ಸುಮಾರು ಆರೂವರೆ ಸೆಂಟಿಮೀಟರ್, ಸಣ್ಣ ಮಕ್ಕಳಿಗೆ ಐದೂವರೆ ಆಸುಪಾಸು. ಪರದೆ ಮೇಲೆ ಅಂತರ 15 ಸೆಂಟಿಮೀಟರ್ ಇದೆ ಅಂತ ಇಟ್ಕೊಳ್ಳಿ, ನೀವಿಬ್ರೂ 15 ಮೀಟರ್ ದೂರದಲ್ಲಿ ಅಕ್ಕಪಕ್ಕ ಕೂತಿದ್ದೀರ ಅಂತ ಇಟ್ಕೊಳ್ಳಿ, ಅಪ್ಪನಿಗೆ ಐಸ್‌ಕ್ರೀಮ್ ನಾಲ್ಕೂವರೆ ಮೀಟರ್ ದೂರದಲ್ಲಿ ಕಾಣತ್ತೆ, ನಿಮಗೆ ನಾಲ್ಕು ಮೀಟರ್‌ನಲ್ಲಿ. ಅಂದ್ರೆ ಅರ್ಧ ಮೀಟರ್ ನಿಮಗೆ ಬೋನಸ್. ಅಂತರ ಜಾಸ್ತಿ ಮಾಡ್ತಾ ಹೋದ್ರೆ ಇಬ್ಬರಿಗೂ ಹತ್ರ ಹತ್ರ ಬರತ್ತೆ, ಮಗುವಿಗೆ ಯಾವಾಗ್ಲೂ ಒಂದು ಹೆಜ್ಜೆ ಮುಂದೆ.

ಇನ್ನೂ ಒಂದು ತಮಾಷೆ ಇದೆ. ಹಿಂದಿನ ಸೀಟಲ್ಲಿ ಕೂತಷ್ಟೂ ವಸ್ತು ಪರದೆ ಬಿಟ್ಟು ಜಾಸ್ತಿ ದೂರ ಹೊರಗೆ ಬಂದ ಹಾಗೆ ಕಾಣತ್ತೆ. ಮುಂದಿನ ಬೆಂಚಿನವನಿಗೆ ಪರದೆಯಿಂದ ಎರಡು ಮಾರು ಬಂದ್ರೆ ಬಾಲ್ಕನಿಯವನಿಗೆ ಅದೇ ವಸ್ತು ಅರ್ಧ ಹಾಲ್ ದಾಟಿ ಬಂದಿರತ್ತೆ, ಮುಂದಿನವರ ತಲೆ ಮೇಲೆ ತೇಲಾಡ್ತಾ. ಪಕ್ಕದವರ ಹತ್ರ ನಿಂಗೆ ಎಷ್ಟು ಹತ್ರ ಬಂತು ಅಂತ ಕೇಳಿದ್ರೆ ಒಬ್ಬೊಬ್ರೂ ಒಂದೊಂದು ಹೇಳೋದು ಅದಕ್ಕೇ. ಯಾರೂ ಸುಳ್ಳು ಹೇಳ್ತಿರಲ್ಲ.

ಕ್ಯಾಮೆರಾ ಕಡೆ ಚಾಚ್ತಾನೇ ಇರ್ತಾರೆ ಅಂದ್ರಲ್ಲ, ಅದು ಪೂರ್ತಿ ನ್ಯಾಯವಾದ ದೂರು. ತ್ರೀಡಿ ಅನ್ನೋದನ್ನ ಮೊದಲ ಸಲ ನೋಡೋ ಜನಕ್ಕೆ ಕೊಟ್ಟ ದುಡ್ಡಿಗೆ ಏನಾದ್ರೂ ಮುಖಕ್ಕೆ ಬರ್ಲೇಬೇಕು, ಇಲ್ಲಾಂದ್ರೆ ಕನ್ನಡಕ ಯಾಕೆ ಕೊಟ್ರಿ ಅಂತ ಕೇಳ್ತಾರೆ. ಆದ್ರೆ ಈಗ ಮತ್ತೆ ನೋಡುವಾಗ ಒಂದು ಸಂಗತಿ ಗಮನಿಸಿ, ಮುಂದೆ ಬರೋ ವಸ್ತು ಯಾವಾಗ್ಲೂ ಫ್ರೇಮಿನ ನಡುವೆಯೇ ಇರತ್ತೆ, ನಾಲ್ಕು ಕಡೆ ಜಾಗ ಬಿಟ್ಟಿರ್ತಾರೆ. ಯಾಕಂದ್ರೆ ಪರದೆಯಿಂದ ಹೊರಗೆ ಬಂದ ವಸ್ತುವಿನ ಒಂದು ಅಂಚು ಪರದೆಯ ಚೌಕಟ್ಟಿಗೆ ತಾಗಿ ತುಂಡಾಯ್ತು ಅನ್ಕೊಳ್ಳಿ, ಮಿದುಳು ತಕ್ಷಣ ಕೇಳತ್ತೆ, ಚೌಕಟ್ಟಿಗಿಂತ ಮುಂದಿರೋ ವಸ್ತುವನ್ನ ಚೌಕಟ್ಟು ಹೇಗಪ್ಪಾ ಮರೆ ಮಾಡತ್ತೆ ಅಂತ, ಅಲ್ಲಿಗೆ ಮ್ಯಾಜಿಕ್ ಪಂಚರ್. ಹಾಗಾಗಿ ಅದನ್ನ ನಡುವೆ ಇಟ್ಟು, ನಿಧಾನಕ್ಕೆ ತಂದು, ಕಣ್ಣು ಹೊಂದ್ಕೊಳ್ಳೋ ತನಕ ಶಾಟ್ ಹಿಡಿದು ನಿಲ್ಲಿಸ್ಬೇಕು. ಕನ್ನಡಕ ಇಲ್ದೆ ನೋಡಿದ್ರೆ ಆ ನಿಲ್ಲಿಸಿದ್ದೇ ಎಳೆದ ಹಾಗೆ, ಬೋರ್ ಹೊಡೆಸಿದ ಹಾಗೆ ಅನ್ನಿಸತ್ತೆ. ಎಡಿಟಿಂಗ್ ಸ್ಲೋ ಅಂತ ನಿಮ್ಮ ಮಗ ಅಂದಿದ್ರೆ ಕಾರಣ ಇದು.

ಥಿಯೇಟರ್‌ನವರ ಕಷ್ಟ ಬೇರೆ. ಬಿಳೀ ಪರದೆ ಮೇಲೆ ಪೋಲರೈಜ್ ಬೆಳಕು ಬಿದ್ರೆ ಚದುರಿ ದಿಕ್ಕು ಕಳ್ಕೊಳ್ಳತ್ತೆ, ಆಮೇಲೆ ಕನ್ನಡಕಕ್ಕೆ ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ. ಅದಕ್ಕೆ ಬೆಳ್ಳಿ ಬಣ್ಣದ ಪರದೆನೇ ಬೇಕು. ಅರ್ಧ ಫ್ರೇಮು, ಅದರ ಮೇಲೆ ಪ್ರೊಜೆಕ್ಟರ್ ಮುಂದೆ ಒಂದು ಫಿಲ್ಟರ್, ಕಣ್ಣ ಮುಂದೆ ಒಂದು ಫಿಲ್ಟರ್, ಇಷ್ಟು ದಾಟಿ ಬರೋ ಹೊತ್ತಿಗೆ ಬೆಳಕು ಎಷ್ಟೋ ಸೋರಿ ಹೋಗಿರತ್ತೆ, ಹಾಗಾಗಿ ಪ್ರೊಜೆಕ್ಟರ್ ಲ್ಯಾಂಪ್ ಒಳ್ಳೇದಿರ್ಬೇಕು. ನಿಮ್ಮೂರ ಥಿಯೇಟರಲ್ಲಿ ಚೆನ್ನಾಗಿ ಕಂಡಿತ್ತು ಅಂದ್ರೆ ಅಲ್ಲಿನ ಆಪರೇಟರ್‌ಗೆ ಕೈ ಮುಗೀಬೇಕು, ಮೇಲಿನ ಚಿತ್ರ ಕೆಳಗಿನ ಚಿತ್ರ ಒಂದು ಕೂದಲೆಳೆ ಮೇಲೆ ಕೆಳಗೆ ಆದ್ರೂ ನೋಡೋರ ಕಣ್ಣು ಒಂದನ್ನ ಮೇಲಕ್ಕೆ ಒಂದನ್ನ ಕೆಳಕ್ಕೆ ತಿರುಗಿಸೋಕೆ ಹೋಗತ್ತೆ, ಮನುಷ್ಯರ ಕಣ್ಣಿಗೆ ಅದು ಅಭ್ಯಾಸ ಇಲ್ಲ, ಇಂಟರ್ವಲ್ ಹೊತ್ತಿಗೆ ತಲೆ ಸಿಡಿಯತ್ತೆ. ತಲೆ ಒಂದು ಕಡೆ ವಾಲಿಸಿ ಕೂತ್ರೂ ಕಷ್ಟ, ಆ ಕನ್ನಡಕಗಳ ಫಿಲ್ಟರು ನೆಟ್ಟಗೆ ಕೂತಾಗ ಮಾತ್ರ ಕೆಲಸ ಮಾಡೋದು, ವಾಲಿಸಿದ್ರೆ ಎರಡೆರಡು ಕಾಣತ್ತೆ. ಅಪ್ಪನ ಹೆಗಲಿಗೆ ಒರಗಿ ನೋಡಿದ ಮಕ್ಕಳಿಗೆಲ್ಲ ಅರ್ಧ ಸಿನಿಮಾ ಡಬಲ್ ಡಬಲ್ ಕಂಡಿರತ್ತೆ, ಪಾಪ.

ಕನ್ನಡಕದ ಬಗ್ಗೆ ಇನ್ನೊಂದು ಕಥೆ ಇದೆ. ಒಬ್ಬರು ಹಾಕಿದ್ದನ್ನ ಇನ್ನೊಬ್ರು ಹಾಕೋದ್ರಿಂದ ಮದ್ರಾಸ್ ಐ ಬರತ್ತೆ ಅಂತ ಪುಕಾರು ಹಬ್ಬಿತ್ತು. ಕಣ್ಣು ಕೆಂಪಾಗೋ ಆ ರೋಗ ಶಾಲೆ ಶಾಲೆಗೆ ಹಬ್ತಿದ್ದ ಕಾಲ, ಮಕ್ಕಳ ಸಿನಿಮಾಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಾ? ಅದಕ್ಕೆ ಸಿನಿಮಾ ಶುರುವಾಗೋ ಮೊದ್ಲು ದೊಡ್ಡ ಸ್ಟಾರ್ ಒಬ್ರು ಬಂದು ಕನ್ನಡಕ ಹೇಗೆ ಹಾಕ್ಬೇಕು, ಪ್ರತಿ ಶೋ ಆದ್ಮೇಲೂ ಅದನ್ನ ಹೇಗೆ ಶುದ್ಧ ಮಾಡ್ತೀವಿ ಅಂತ ಹೇಳೋ ಒಂದು ತುಣುಕು ಸೇರಿಸಿದ್ರು. ಮಲಯಾಳಂನಲ್ಲಿ ಪ್ರೇಮ್ ನಜೀರ್ ಹೇಳಿದ್ರು.

ಇನ್ನು ನಿಮ್ಮ ಮನೆಯ ಜಗಳ. ಇದರಲ್ಲಿ ನಿಮ್ಮ ಯಜಮಾನ್ರೂ ಸರಿ ನೀವೂ ಸರಿ. 1984ರ ಮಲಯಾಳಂ ಸಿನಿಮಾದಲ್ಲಿ ಊರ್ಮಿಳಾ ಇಲ್ಲ. 1998ರಲ್ಲಿ ಹಿಂದಿಗೆ ಛೋಟಾ ಚೇತನ್ ಅಂತ ತಂದಾಗ ಹಳೇ ಸಿನಿಮಾ ಜೊತೆ ಹೊಸದಾಗಿ ಶೂಟ್ ಮಾಡಿದ ಸೀನ್‌ಗಳನ್ನ ಅಂಟಿಸಿದ್ರು, ಊರ್ಮಿಳಾ ಮಾತೋಂಡ್ಕರ್ ಬರೋದು ಅಲ್ಲಿ. ರಂಗೀಲಾ ಬಂದು ಹೋದ ಮೇಲಿನ ಕಾಲ, ಪೋಸ್ಟರ್‌ಗೆ ಒಂದು ಮುಖ ಬೇಕಿತ್ತು ಅಂತ ಕಾಣತ್ತೆ. ಆಮೇಲೆ 2010ರಲ್ಲಿ ತಮಿಳಿನವರು ಚುಟ್ಟಿ ಚಾತನ್ ಅಂತ ಬಿಟ್ಟಾಗ ಪ್ರಕಾಶ್ ರಾಜ್, ಸಂತಾನಂ ಇರೋ ಸೀನ್‌ಗಳು ಸೇರ್ಕೊಂಡ್ವು. ಹಾಗಾಗಿ ಒಂದೇ ಸಿನಿಮಾ ಬಗ್ಗೆ ಮೂರು ಜನ ಮಾತಾಡ್ತಾ ಕೂತ್ರೆ ಮೂರು ಜನರ ತಲೆಯಲ್ಲೂ ಬೇರೆ ಬೇರೆ ಪ್ರಿಂಟ್ ಓಡ್ತಿರತ್ತೆ. ಮುಖ್ಯ ಕಥೆ, ಮಕ್ಕಳು, ದೆವ್ವ, ಅವೆಲ್ಲ 1984ರವೇ. ನೀವು ಮೊಬೈಲಲ್ಲಿ ನೋಡಿದ್ದರಲ್ಲಿ ಆಕೆ ಇಲ್ಲ ಅಂದ್ರೆ ಹಳೇ ಮಲಯಾಳಂ ಪ್ರಿಂಟಿಂದ ಬಂದಿದ್ದೋ, ಆ ಸೀನ್‌ಗಳನ್ನ ಕತ್ತರಿಸಿದ್ದೋ ಇರ್ಬೇಕು. ಮತ್ತೆ ನೋಡೋದಾದ್ರೆ ಹಳೇ ಮಲಯಾಳಂ ನೋಡಿ ಅಂತೀನಿ, ಸಬ್‌ಟೈಟಲ್ ಇಲ್ದಿದ್ರೂ ಪರವಾಗಿಲ್ಲ. ಅಂಟಿಸಿದ ಸೀನ್‌ಗಳಲ್ಲಿ ಫಿಲ್ಮಿನ ಬಣ್ಣವೇ ಬೇರೆ, ತಮಾಷೆಯ ವರಸೆಯೂ ಬೇರೆ, ಹಳೇ ಸೀರೆಗೆ ಹೊಸ ಫಾಲ್ಸ್ ಹೊಲಿದ ಹಾಗೆ ಎದ್ದು ಕಾಣತ್ತೆ.

ಗೋಡೆ ಮೇಲೆ ನಡೆಯೋ ಹಾಡಿಗೆ ಬರ್ತೀನಿ. ಮಗನಿಗೆ ಇವತ್ತೇ ಹೇಳಿಬಿಡಿ, ಅದು ಗ್ರಾಫಿಕ್ಸ್ ಅಲ್ಲ. 1984ರಲ್ಲಿ ಕಾಕ್ಕನಾಡಿನಲ್ಲಿ ಅದಕ್ಕೆಲ್ಲ ಕಂಪ್ಯೂಟರ್ ಎಲ್ಲಿಂದ ಬರ್ಬೇಕು. ಎಸ್. ಜಾನಕಿ ಮತ್ತೆ ಎಸ್. ಪಿ. ಶೈಲಜಾ ಹಾಡಿರೋ ಆಲಿಪ್ಪಳಂ ಹಾಡು ಅದು, ಮಕ್ಕಳು ರೂಮಿನ ಗೋಡೆ ಹತ್ತಿ, ಸೂರಿನ ಮೇಲೆ ತಲೆಕೆಳಗಾಗಿ ನಡೆದು, ಆಚೆ ಗೋಡೆಯಿಂದ ಇಳಿದು ಬರ್ತಾರೆ. ಮಾಡಿದ್ದು ಹೇಗೆ ಅಂದ್ರೆ ಇಡೀ ರೂಮನ್ನೇ ತಿರುಗಿಸಿದ್ರು. ಕಲಾ ನಿರ್ದೇಶಕ ಕೆ. ಶೇಖರ್ ಪ್ಲಾನ್ ಅದು, ಕಬ್ಬಿಣದ ದೊಡ್ಡ ಚೌಕಟ್ಟಿನೊಳಗೆ ರೂಮಿನ ಸೆಟ್ಟು, ಒಳಗಿರೋ ಸಾಮಾನೆಲ್ಲ ಅಲ್ಲಾಡದ ಹಾಗೆ ಬಿಗಿದಿರೋದು. ಗುಟ್ಟು ಇರೋದು ಕ್ಯಾಮೆರಾದಲ್ಲಿ, ಕ್ಯಾಮೆರಾವನ್ನೂ ಅದೇ ಚೌಕಟ್ಟಿಗೆ ಬಿಗಿದಿದ್ದಾರೆ. ರೂಮಿನ ಜೊತೆ ಕ್ಯಾಮೆರಾನೂ ತಿರುಗತ್ತೆ, ಹಾಗಾಗಿ ಕ್ಯಾಮೆರಾ ಕಣ್ಣಿಗೆ ರೂಮು ನಿಂತಲ್ಲೇ ನಿಂತಿದೆ. ಮಕ್ಕಳು ನಿಜದಲ್ಲಿ ಯಾವಾಗ್ಲೂ ಕೆಳಗೇ ಇರ್ತಾರೆ, ಭೂಮಿ ಎಳೆಯೋ ಕಡೆ, ಕಾಲ ಕೆಳಗೆ ಬಂದ ಗೋಡೆ ಮೇಲೆ ಹೆಜ್ಜೆ ಹಾಕ್ತಾರೆ ಅಷ್ಟೇ. ಪರದೆ ಮೇಲೆ ನೋಡಿದ್ರೆ ರೂಮು ಅಲ್ಲಾಡದೆ ಮಕ್ಕಳು ಗೋಡೆ ಹತ್ತಿದ ಹಾಗೆ.

ಇನ್ನೊಂದು ಸಲ ಆ ಹಾಡು ಹಾಕಿ, ಮಗನ ಕೈಲಿ ರಿಮೋಟ್ ಕೊಟ್ಟು ನಿಲ್ಲಿಸಿ ನಿಲ್ಲಿಸಿ ನೋಡಿ. ನೆಲದಿಂದ ಗೋಡೆಗೆ ದಾಟೋ ಮೂಲೆಯಲ್ಲಿ ಮಕ್ಕಳ ಹೆಜ್ಜೆ ನೋಡ್ಬೇಕು, ರೂಮು ಆ ಹೊತ್ತಿಗೆ ಅರ್ಧ ವಾಲಿರತ್ತೆ, ಮೂಲೆ ಕಾಲಡಿಗೆ ಬರೋ ಸರಿಯಾದ ಕ್ಷಣಕ್ಕೆ ಹೆಜ್ಜೆ ಎತ್ತಿಡ್ಬೇಕು, ಮುಂಚೆ ಇಟ್ರೆ ಜಾರ್ತಾರೆ, ತಡ ಆದ್ರೆ ಬೀಳ್ತಾರೆ. ಕೂದಲು, ಲಂಗ ಇವೆಲ್ಲ ಯಾವ ಕಡೆ ಜೋತಾಡತ್ತೆ ನೋಡಿ, ಸೂರಿನ ಮೇಲೆ ತಲೆಕೆಳಗಾಗಿ ನಿಂತಿದ್ದಾರೆ ಅಂತ ನಾವು ನಂಬಿರೋವಾಗ ಕೂದಲು ಮಾತ್ರ ಸೂರಿನ ಕಡೆಗೇ ಬಿದ್ದಿರತ್ತೆ, ಯಾಕಂದ್ರೆ ನಿಜವಾದ ನೆಲ ಇರೋದು ಅಲ್ಲೇ. ದೀಪಗಳೂ ರೂಮಿನ ಜೊತೆಗೇ ತಿರುಗ್ಬೇಕು, ಹೊರಗಡೆ ಎಲ್ಲೋ ನಿಲ್ಲಿಸಿದ್ರೆ ನೆರಳು ಓಡಾಡಿ ಗುಟ್ಟು ರಟ್ಟಾಗತ್ತೆ. ಈ ಉಪಾಯ ಹೊಸದೇನಲ್ಲ, 1951ರಲ್ಲೇ ಹಾಲಿವುಡ್‌ನಲ್ಲಿ ಫ್ರೆಡ್ ಆಸ್ಟೇರ್ ಹೀಗೇ ಸೂರಿನ ಮೇಲೆ ಡ್ಯಾನ್ಸ್ ಮಾಡಿದ್ದ, 2010ರ ಇನ್ಸೆಪ್ಷನ್ ಸಿನಿಮಾದಲ್ಲಿ ಹೋಟೆಲ್ ಕಾರಿಡಾರಿನ ಫೈಟಿಗೂ ಇದೇ ತಿರುಗೋ ಸೆಟ್ಟು. ಆದ್ರೆ ಅಲ್ಲಿ ತಿರುಗಿದ್ದು ಪಳಗಿದ ದೊಡ್ಡವರು, ಇಲ್ಲಿ ಶಾಲೆಗೆ ಹೋಗೋ ಮಕ್ಕಳು, ಅದೂ ಭಾರದ ತ್ರೀಡಿ ಲೆನ್ಸ್ ಮುಂದೆ, ಆ ಲೆನ್ಸಿಗೆ ಬೇಕಾಗೋ ದುಪ್ಪಟ್ಟು ಬೆಳಕಿನ ಸೆಖೆಯಲ್ಲಿ. ಆ ವರ್ಷ ಈ ಸಿನಿಮಾದ ಬಾಲನಟರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ.

ಕುಡಿಯೋ ಸೀನ್ ಬಗ್ಗೆ ನಿಮ್ಮ ಮುಜುಗರ ನನಗೆ ಅರ್ಥ ಆಗತ್ತೆ. ಇವತ್ತು ಯಾರಾದ್ರೂ ಹುಡುಗನೊಬ್ಬ ಬಾರ್‌ಗೆ ನುಗ್ಗಿ ಬಾಟಲಿ ಬಾಟಲಿ ಖಾಲಿ ಮಾಡೋ ಮಕ್ಕಳ ಸಿನಿಮಾ ಮಾಡ್ತೀನಿ ಅಂದ್ರೆ ಕಥೆ ಹೇಳೋ ಹಂತದಲ್ಲೇ ಎಬ್ಬಿಸಿ ಕಳಿಸ್ತಾರೆ. ಆದ್ರೆ ಆ ಕುಡಿತ ಬರೀ ನಗಿಸೋಕೆ ತಂದಿದ್ದಲ್ಲ. ಕುಟ್ಟಿಚಾತನ್ ಅನ್ನೋನು ಸಿನಿಮಾದವರು ಹುಟ್ಟಿಸಿದ ಪಾತ್ರ ಅಲ್ಲ, ಕೇರಳದಲ್ಲಿ ಇವತ್ತಿಗೂ ನಂಬಿಕೆ ಇರೋ ಶಕ್ತಿ. ಕಾಸರಗೋಡಿನ ಕಡೆಯ ಕನ್ನಡಿಗರಿಗೆ ಹೇಳೋದೇ ಬೇಡ, ಅಲ್ಲಿಂದ ಪಯ್ಯನ್ನೂರು ಸೀಮೆ ತನಕ ತೆಯ್ಯಂ, ಅಂದ್ರೆ ನಮ್ಮ ಭೂತಕೋಲದ ಹಾಗೆ ದೈವದ ವೇಷ, ಕಟ್ಟೋ ಕಡೆ ಕುಟ್ಟಿಚಾತನ್ ತೆಯ್ಯಂ ಅಂತಾನೇ ಇದೆ. ಅದರ ಕಥೆ ಸಿನಿಮಾಗಿಂತ ಎಷ್ಟೋ ಕ್ರೂರ, ಕಾಳಕಾಟ್ ಅನ್ನೋ ನಂಬೂದಿರಿ ಮನೆಯಲ್ಲಿ ಬೆಳೆದ, ಹೇಳಿದ ಮಾತು ಕೇಳದ ಹುಡುಗ, ಮನೆಯವರು ಸಿಟ್ಟಿಗೆ ಅವನನ್ನ ಕಡಿದು ತುಂಡು ತುಂಡು ಮಾಡಿ ಹೋಮದ ಬೆಂಕಿಗೆ ಹಾಕ್ತಾರೆ, ಆ ಬೆಂಕಿಯಿಂದ ಒಬ್ಬನ ಬದಲು ಲೆಕ್ಕವಿಲ್ಲದಷ್ಟು ಚಾತನ್‌ಗಳು ಎದ್ದು ಬಂದು ಮನೆಗಳನ್ನ ಸುಡ್ತಾರೆ. ನಮ್ಮ ಕರಾವಳಿ ಕಡೆ ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ಬೀಡಾ ಇಡೋದನ್ನ ನೋಡಿ ಬೆಳೆದವರಿಗೆ ಈ ದೆವ್ವ ಕುಡಿಯತ್ತೆ ಅನ್ನೋದ್ರಲ್ಲಿ ಆಶ್ಚರ್ಯ ಏನೂ ಕಾಣಲ್ಲ, ದಾವಣಗೆರೆ ಕಡೆಯ ಮನೆಗಳಲ್ಲಿ ಸ್ವಲ್ಪ ಕಸಿವಿಸಿ ಆಗೋದು ಸಹಜ.

ಸಿನಿಮಾ ಮಾಡಿದ್ದು ಏನಂದ್ರೆ ಆ ಹುಡುಗನ ಕೋಪ ತೆಗೆದು ಅವನ ಅಸಹಾಯಕತೆ ಮಾತ್ರ ಇಟ್ಕೊಂಡ್ರು. ಕೊಟ್ಟಾರಕ್ಕರ ಶ್ರೀಧರನ್ ನಾಯರ್ ಮಾಡಿರೋ ಮಂತ್ರವಾದಿ ನಿಧಿ ಆಸೆಗೆ ಇವನನ್ನ ಕಟ್ಟಿ ಹಾಕ್ಕೊಂಡಿರ್ತಾನೆ, ಬೇಕಾದ್ದೆಲ್ಲ ಮಾಡೋ ಶಕ್ತಿ ಇದೆ ಆದ್ರೆ ಯಜಮಾನ ಹೇಳಿದ್ದು ಬಿಟ್ಟು ಬೇರೆ ಏನೂ ಮಾಡೋ ಹಾಗಿಲ್ಲ, ಇಂಥವನನ್ನ ಮಕ್ಕಳು ಬಿಡಿಸ್ತಾರೆ. ಮಕ್ಕಳ ಜೀವನವೂ ಹೆಚ್ಚು ಕಮ್ಮಿ ಹಾಗೇ ಅಲ್ವಾ, ಎಲ್ಲಾದಕ್ಕೂ ದೊಡ್ಡವರ ಅಪ್ಪಣೆ ಬೇಕು.

ಅದರಲ್ಲೂ ಲಕ್ಷ್ಮಿ ಅನ್ನೋ ಹುಡುಗಿ, ಸೋನಿಯಾ ಮಾಡಿರೋದು, ಅವಳ ಮನೆ ನೋಡಿ. ತಾಯಿ ಇಲ್ಲ, ಅಪ್ಪ ಕುಡುಕ. ಅಪ್ಪನ ಪಾತ್ರ ಮಾಡಿರೋದು ದಲೀಪ್ ತಾಹಿಲ್, ಹೌದು, ಆಮೇಲೆ ಹಿಂದಿ ಸಿನಿಮಾಗಳಲ್ಲಿ ವಿಲನ್ ಆಗಿ ನಾವೆಲ್ಲ ಬೈದಿದ್ದು ಅವರನ್ನೇ. ಅಂಥ ಮನೆಗೆ ಎಷ್ಟು ಕುಡಿದ್ರೂ ಏನೂ ಆಗದ ಒಬ್ಬ ಹುಡುಗ ಬಂದು ಸೇರ್ಕೊಳ್ತಾನೆ, ಅಪ್ಪ ಕುಡಿಯೋದನ್ನ ತಾನು ಕುಡಿದು ಮುಗಿಸ್ತಾನೆ. ಚಿಕ್ಕವರಿದ್ದಾಗ ನಾವು ನಕ್ಕಿದ್ದು ಬಾಟಲಿ ಎತ್ತೋ ಸ್ಟೈಲಿಗೆ. ಈಗ ನೋಡಿದ್ರೆ ಅದು ಕುಡುಕ ಅಪ್ಪನ ಮನೆಯಲ್ಲಿರೋ ಮಗು ರಾತ್ರಿ ಮಲಗೋವಾಗ ಕಾಣೋ ಕನಸು, ಈ ಊರಲ್ಲಿರೋ ಹೆಂಡ ಎಲ್ಲಾನೂ ಯಾರಾದ್ರೂ ಕುಡಿದು ಖಾಲಿ ಮಾಡ್ಬಿಡ್ಲಿ, ನಮ್ಮಪ್ಪನಿಗೆ ಒಂದು ಹನಿ ಉಳೀದೆ ಇರ್ಲಿ ಅಂತ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಬರವಣಿಗೆ ಅಂತ ಮೆಚ್ಚೋದಾದ್ರೆ ಈ ಒಂದು ಯೋಚನೆ. ಉಳಿದ ಮಂತ್ರವಾದಿ, ನಿಧಿ, ಓಡಾಟ, ಅದೆಲ್ಲ ಮಾಮೂಲಿ ಚಂದಮಾಮ ಕಥೆ, ಎರಡನೇ ಅರ್ಧದಲ್ಲಿ ಎಳೀತಾರೆ ಕೂಡ.

ಹಾಗಾಗಿ ಎಂಟು ವರ್ಷದ ಹುಡುಗನಿಗೆ ತೋರಿಸ್ಬಹುದಾ ಅಂದ್ರೆ ತೋರಿಸಿ, ಪಕ್ಕದಲ್ಲಿ ಕೂತು ತೋರಿಸಿ. ಕುಡಿಯೋ ಸೀನ್ ಬಂದಾಗ ಫಾರ್ವರ್ಡ್ ಮಾಡೋದು ಬೇಡ, ಫಾರ್ವರ್ಡ್ ಮಾಡಿದ್ರೆ ಅದ್ರಲ್ಲೇ ಏನೋ ಇದೆ ಅಂತ ಆಮೇಲೆ ಒಬ್ನೇ ಕೂತು ನೋಡ್ತಾನೆ. ಆ ಹುಡುಗಿಗೆ ಅಪ್ಪ ಹಾಗಿರೋದಕ್ಕೆ ಬೇಜಾರು ಕಣೋ, ಅದಕ್ಕೆ ಫ್ರೆಂಡು ಎಲ್ಲ ಕುಡಿದು ಮುಗಿಸ್ತಿದ್ದಾನೆ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಆ ವಯಸ್ಸಿಗೆ ಸಾಕು. ಭಯ ಆಗೋ ಜಾಗ ಅಂದ್ರೆ ಮಂತ್ರವಾದಿ ಸೀನ್‌ಗಳು, ರಾತ್ರಿ ಮಲಗೋ ಮುಂಚೆ ಬೇಡ, ಭಾನುವಾರ ಮಧ್ಯಾಹ್ನ ಹಾಕಿ.

ಮನೆಯಲ್ಲೇ ತ್ರೀಡಿ ಆಗಿ ನೋಡೋಕೆ ಆಗತ್ತಾ ಅಂತ ನೀವು ಕೇಳಿಲ್ಲ, ಆದ್ರೆ ಮುಂದಿನ ಇಮೇಲಲ್ಲಿ ಕೇಳ್ತೀರ ಅಂತ ಗೊತ್ತು. ತ್ರೀಡಿ ಟಿವಿಗಳ ಕಥೆ ಮುಗೀತು, ಎಲ್‌ಜಿ, ಸೋನಿಯವರೂ 2017ರ ಹೊತ್ತಿಗೆ ನಿಲ್ಲಿಸಿಬಿಟ್ರು. ತ್ರೀಡಿ ಅಂತ ಹೆಸರು ಹಾಕಿ ನೆಟ್‌ನಲ್ಲಿ ಬಿಟ್ಟಿರೋ ಎಷ್ಟೋ ವಿಡಿಯೋಗಳು ಒಂದೇ ಕಣ್ಣಿನ ಚಿತ್ರಕ್ಕೆ ಕೆಂಪು ನೀಲಿ ಬಳಿದಿರೋ ಮೋಸ, ಅದಕ್ಕೆ ದುಡ್ಡು ಕೊಟ್ಟು ಕೆಂಪು ನೀಲಿ ಗಾಜಿನ ಕನ್ನಡಕ ತರಿಸ್ಬೇಡಿ. ಪರೀಕ್ಷೆ ಸುಲಭ, ವಿಡಿಯೋ ನಿಲ್ಲಿಸಿ ಹತ್ತಿರದ ವಸ್ತುವಿನ ಅಂಚಲ್ಲಿ ಕೆಂಪು ನೀಲಿ ಅಂತರ ಎಷ್ಟಿದೆ ನೋಡಿ, ದೂರದ ವಸ್ತುವಿನ ಅಂಚಲ್ಲಿ ನೋಡಿ, ಎರಡೂ ಕಡೆ ಒಂದೇ ಅಳತೆ ಇದ್ರೆ ಅದು ಮೋಸ.

ಥಿಯೇಟರ್ ತ್ರೀಡಿನೇ ತೋರಿಸ್ಬೇಕು ಅಂದ್ರೆ ಈ ಜಾತಿಯ ಸಿನಿಮಾಗೆ ನಮ್ಮಲ್ಲೂ ಒಂದು ಉದಾಹರಣೆ ಇದೆ, 2012ರ ಉಪೇಂದ್ರ ಸಿನಿಮಾ ಕಠಾರಿವೀರ ಸುರಸುಂದರಾಂಗಿ, ಕನ್ನಡದ ಮೊದಲ ಪೂರ್ತಿ ತ್ರೀಡಿ ಅಂತ ಬಂದಿದ್ದು, ಅಂಬರೀಷ್ ಯಮನಾಗಿ ಕೂತಿದ್ರಲ್ಲ ಅದು. ಈಗ ಅದನ್ನೂ ಮನೆಯಲ್ಲಿ ನೋಡಿದ್ರೆ ನಿಮಗೆ ಇದೇ ಕಷ್ಟ. ಕುಟ್ಟಿಚಾತನ್ ಮಾಡಿದ ಅದೇ ಜಿಜೋ ಬರೆದ ನಿಧಿ ಕಾಯೋ ಭೂತದ ಕಥೆ ಇಟ್ಕೊಂಡು ಮೋಹನ್‌ಲಾಲ್ ತಾವೇ ಡೈರೆಕ್ಟ್ ಮಾಡಿದ ಬರೋಜ್ 2024ರ ಕ್ರಿಸ್ಮಸ್‌ಗೆ ತ್ರೀಡಿಯಲ್ಲಿ ಬಂತು, ಮೋಹನ್‌ಲಾಲ್ ಮೊದಲ ಸಲ ಪರದೆ ಮೇಲೆ ಬಂದಿದ್ದೂ ನವೋದಯದವರ ಸಿನಿಮಾದಲ್ಲೇ, 1980ರಲ್ಲಿ. ಬರೋಜ್ ಅಷ್ಟೇನೂ ನಡೀಲಿಲ್ಲ.

ಇಂಥದ್ದೊಂದು ಸಿನಿಮಾ ಮತ್ತೆ ಥಿಯೇಟರಿಗೆ ಬರೋ ತನಕ ಮಗನಿಗೆ ಒಂದು ಆಟ ಮಾಡಿಸಿ. ಮೇಜಿನ ಮೇಲೆ ಒಂದು ಲೋಟ ಹತ್ರ, ಒಂದು ಆಟಿಕೆ ದೂರ ಇಟ್ಟು ಮೊಬೈಲಲ್ಲಿ ಒಂದು ಫೋಟೋ ತೆಗೀಲಿ, ಮೊಬೈಲನ್ನ ಆರು ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ತೆಗೀಲಿ, ಮೇಲೆ ಕೆಳಗೆ ಮಾತ್ರ ಆಗ್ಬಾರ್ದು. ಎರಡನ್ನೂ ಸಣ್ಣದಾಗಿ ಪಕ್ಕಪಕ್ಕ ಪ್ರಿಂಟ್ ಹಾಕಿಸಿ, ಬಲದ್ದನ್ನ ಎಡಕ್ಕೆ ಎಡದ್ದನ್ನ ಬಲಕ್ಕೆ ಇಡಿ, ನಡುವೆ ಒಂದು ಪೆನ್ಸಿಲ್ ತುದಿ ಹಿಡಿದು ಅದನ್ನೇ ನೋಡ್ತಾ ಪೆನ್ಸಿಲನ್ನ ನಿಧಾನಕ್ಕೆ ಮೂಗಿನ ಕಡೆ ತಂದ್ರೆ ಹಿಂದೆ ಎರಡಿರೋ ಫೋಟೋ ಮೂರಾಗತ್ತೆ, ನಡುವಿನದು ಉಬ್ಬಿ ನಿಲ್ಲತ್ತೆ. ಮೊದಲನೇ ಸಲಕ್ಕೆ ಬರಲ್ಲ, ಕಣ್ಣು ಸ್ವಲ್ಪ ಎಳೆದ ಹಾಗಾಗತ್ತೆ, ಒಂದೆರಡು ನಿಮಿಷ ಬಿಟ್ಟು ಬಿಟ್ಟು ಮಾಡಿಸಿ.